ಎಫ್‌ಐಆರ್‌ನ ಇನ್ನೊಂದು ಪ್ರತಿ ಎಲ್ಲಿಗೆ ಹೋಗಬೇಕು? ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಠಾಣೆಯಲ್ಲಿ ದೂರು ತೆಗೆದುಕೊಳ್ಳುವುದಿಲ್ಲ ಎಂಬ ಹಳೆಯ ತಕರಾರನ್ನು ಇಲ್ಲಿ ಎತ್ತುತ್ತಿಲ್ಲ. ಗಂಭೀರ ಅಪರಾಧದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂಬ ಸುಪ್ರೀಂ ಕೋರ್ಟಿನ 2013ರ ಲಲಿತಾ ಕುಮಾರಿ ತೀರ್ಪು ಅದಕ್ಕಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಇದೆ. ನಮ್ಮ ಮಾತು ಎಫ್‌ಐಆರ್ ಆದ ಮೇಲಿನದು. ಅಲ್ಲಿಂದಾಚೆ ಆರೋಪಿಯ ಹಿಂದೆ ಇಡೀ ಠಾಣೆ ಓಡುತ್ತದೆ. ನೊಂದವರು ಎಫ್‌ಐಆರ್ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಾರೆ.

ಎಫ್‌ಐಆರ್ ನಮೂನೆಯ ಕೊನೆಯಲ್ಲಿ ಒಂದು ಅಂಕಣವಿದೆ: ನ್ಯಾಯಾಲಯಕ್ಕೆ ಕಳಿಸಿದ ದಿನಾಂಕ ಮತ್ತು ಸಮಯ. ಅದನ್ನು ಖಾಲಿ ಬಿಡಲು ಠಾಣೆಯ ಬರವಣಿಗೆ ನೋಡಿಕೊಳ್ಳುವ ಯಾವ ರೈಟರಿಗೂ ಧೈರ್ಯವಿಲ್ಲ. ತಡವಾದರೆ ಪಾಟೀಸವಾಲಿನಲ್ಲಿ ವಕೀಲರು ಅದನ್ನೇ ಹಿಡಿದು ಜಗ್ಗುತ್ತಾರೆ. ಅದರ ಕೆಳಗೆ ಇನ್ನೊಂದು ಸಾಲು ಬೇಕು: ಉಚಿತ ಕಾನೂನು ನೆರವು, ಪರಿಹಾರ ಕೊಡಿಸುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿದ ದಿನಾಂಕ ಮತ್ತು ಸಮಯ. ಇದು ನಾವು ಹೊಸದಾಗಿ ಹುಟ್ಟಿಸಿದ ಬೇಡಿಕೆಯಲ್ಲ. ನೊಂದ ಮಹಿಳೆಯರ ಪರಿಹಾರಕ್ಕೆ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ರೂಪಿಸಿದ, ಸುಪ್ರೀಂ ಕೋರ್ಟ್ ಒಪ್ಪಿದ 2018ರ ಯೋಜನೆ ಇದನ್ನು ಕಡ್ಡಾಯ ಎಂದೇ ಹೇಳುತ್ತದೆ. ಆಸಿಡ್ ದಾಳಿ, ಅತ್ಯಾಚಾರ, ದೈಹಿಕ ಗಾಯದಂಥ ಪ್ರಕರಣಗಳಲ್ಲಿ ಎಫ್‌ಐಆರ್ ಪ್ರತಿಯನ್ನು ಠಾಣಾಧಿಕಾರಿ ಕೂಡಲೇ ಪ್ರಾಧಿಕಾರಕ್ಕೆ ಕೊಡಬೇಕು. ಕಾಗದವಾದರೂ ಸರಿ, ಇ-ಮೇಲ್ ಆದರೂ ಸರಿ.

ಒಂದು ಮೇಲ್‌ಗೆ ಇಷ್ಟು ಹಟವೇಕೆ ಎಂದರೆ, ಗಡಿಯಾರ ಓಡಲು ಶುರುವಾಗುವುದೇ ಅಲ್ಲಿಂದ. ಆಸಿಡ್ ದಾಳಿಗೆ ಒಳಗಾದವರಿಗೆ ಮೊದಲ 1 ಲಕ್ಷ ರೂಪಾಯಿ 15 ದಿನದೊಳಗೆ ಸಿಗಬೇಕು. ಆ 15 ದಿನ ಎಣಿಕೆಯಾಗುವುದು ವಿಷಯ ಪ್ರಾಧಿಕಾರದ ಗಮನಕ್ಕೆ ಬಂದ ದಿನದಿಂದ. ಪ್ರತಿ ಹೋಗಲಿಲ್ಲವೋ, ಗಮನಕ್ಕೂ ಬರಲಿಲ್ಲ. ಇದೇ ಯೋಜನೆಯಲ್ಲಿ ಮುಖ ವಿರೂಪಗೊಂಡ ಆಸಿಡ್ ಪ್ರಕರಣಕ್ಕೆ 7ರಿಂದ 8 ಲಕ್ಷ, ಅತ್ಯಾಚಾರಕ್ಕೆ 4ರಿಂದ 7 ಲಕ್ಷ ಎಂದಿದೆ. ಮೊತ್ತ ಸಣ್ಣದಲ್ಲ. ಆದರೆ ಅರ್ಜಿ ಎಲ್ಲಿ ಹಾಕಬೇಕೆಂದು ಹೇಳುವವರಿಲ್ಲದೆ ತಿಂಗಳುಗಳು ಕಳೆಯುತ್ತವೆ. ಇಲ್ಲೇ ಇನ್ನೊಂದು ಮಾತು: ಹಣ ಹೋಗುವ ಬ್ಯಾಂಕ್ ಖಾತೆ ಯಾರ ಕೈಯಲ್ಲಿದೆ ಎಂದು ಕೇಳಿಕೊಳ್ಳಬೇಕು. ಹೊಡೆದ ಗಂಡನ ಬಳಿಯೇ ಪಾಸ್‌ಬುಕ್ಕು, ಎಟಿಎಂ ಕಾರ್ಡು ಇದ್ದರೆ ಪರಿಹಾರ ಯಾರಿಗೆ ತಲುಪುತ್ತದೆ?

ಆಸ್ಪತ್ರೆಯ ವಿಷಯ. ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂನಲ್ಲಿ ಠಾಣಾಧಿಕಾರಿಗಳಿಗೇ ಅಷ್ಟಾಗಿ ಗೊತ್ತಿಲ್ಲದ ಒಂದು ಅಧಿಕಾರವಿದೆ. ಅವರು ಒಂದು ಪ್ರಮಾಣಪತ್ರ ಬರೆದುಕೊಟ್ಟರೆ, ಅದರ ಆಧಾರದ ಮೇಲೆ ಪ್ರಾಧಿಕಾರ ಉಚಿತ ಪ್ರಥಮ ಚಿಕಿತ್ಸೆ, ವೈದ್ಯಕೀಯ ನೆರವಿಗೆ ಆದೇಶ ಮಾಡಬಹುದು. ಒಂದು ಪುಟದ ಕೆಲಸ. ಅದರ ನಮೂನೆಯನ್ನು ಪ್ರತಿ ಠಾಣೆಯ ಕಂಪ್ಯೂಟರಿಗೂ ಹಾಕಿಸಿ. ಅತ್ಯಾಚಾರ, ಆಸಿಡ್ ದಾಳಿ ಪ್ರಕರಣಗಳಲ್ಲಿ ಖಾಸಗಿ ಆಸ್ಪತ್ರೆಯೂ ಹಣ ಕೇಳುವಂತಿಲ್ಲ. ಚಿಕಿತ್ಸೆ ಕೊಡದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 200ನೇ ಕಲಂನಡಿ ಒಂದು ವರ್ಷದವರೆಗೆ ಜೈಲು. ಕ್ಯಾಷಿಯರ್ ಮುಂದೆ ಈ ಮಾತನ್ನು ನೊಂದವರು ಆಡಿದರೆ ನಡೆಯುವುದಿಲ್ಲ, ಖಾಕಿ ತೊಟ್ಟವರು ಆಡಿದರೆ ನಡೆಯುತ್ತದೆ.

ಗಾಯ ಎಂಥದ್ದೆಂದು ವೈದ್ಯರು ಬರೆದುಕೊಡುವ ವುಂಡ್ ಸರ್ಟಿಫಿಕೇಟ್ ಇನ್ನೊಂದು ಗಂಟು. ಎಕ್ಸ್‌ರೇ ಅಭಿಪ್ರಾಯ ಬರಲಿ ಎಂದು ವೈದ್ಯರು ಕಾಯುತ್ತಾರೆ, ಪೇದೆ ಬರಲಿ ಎಂದು ಆಸ್ಪತ್ರೆ ಕಾಯುತ್ತದೆ, ಬಂದೋಬಸ್ತ್ ಮುಗಿಯಲಿ ಎಂದು ಪೇದೆ ಕಾಯುತ್ತಾರೆ. ಅಷ್ಟರವರೆಗೆ ಮೂಳೆ ಮುರಿದ ಪ್ರಕರಣವೂ ಸಾಮಾನ್ಯ ಗಾಯದ ಕಲಂನಲ್ಲೇ ಕೂತಿರುತ್ತದೆ, ಆರೋಪಿಗೆ ಜಾಮೀನು ಸಲೀಸಾಗುತ್ತದೆ, ಪರಿಹಾರದ ಅರ್ಜಿಗೂ ದಾಖಲೆ ಇರುವುದಿಲ್ಲ. ವಾರಕ್ಕೊಮ್ಮೆ ಬಾಕಿ ಸರ್ಟಿಫಿಕೇಟುಗಳ ಪಟ್ಟಿ ಹಿಡಿದು ಒಬ್ಬರು ಆಸ್ಪತ್ರೆಗೆ ಹೋಗಿ ಬಂದರೆ ಸಾಕು.

ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಉಟ್ಟ ಬಟ್ಟೆಯನ್ನು ಸಾಕ್ಷ್ಯಕ್ಕೆಂದು ಆಸ್ಪತ್ರೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಬದಲಿಗೆ ಏನು ಉಡಬೇಕು? ಒಂದು ನೈಟಿ, ಒಂದು ಚೂಡಿದಾರ್, ಒಳಉಡುಪು, ಟವೆಲ್, ಚಪ್ಪಲಿ: ಇಷ್ಟಿರುವ ಒಂದು ಚೀಲ ಠಾಣೆಯ ಮಹಿಳಾ ಸಿಬ್ಬಂದಿಯ ಬಳಿ ಸದಾ ಇರಲಿ. ಹೇಳಿಕೆಯನ್ನು ಆಕೆಯ ಮನೆಯಲ್ಲಿ ಅಥವಾ ಆಕೆ ಹೇಳಿದ ಜಾಗದಲ್ಲಿ ಪಡೆಯಬೇಕೆಂದು ಕಾನೂನು ಹೇಳುತ್ತದೆ, ನಿಜ. ಆದರೆ ಬಾಗಿಲಿಗೇ ಜೀಪು ತಂದು ನಿಲ್ಲಿಸಿದರೆ ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಗುರುತು ಬಯಲು ಮಾಡಿದವರಿಗೆ ಶಿಕ್ಷೆಯಿದೆ, ಜೀಪಿಗೆ ಯಾವ ಕಲಂ ಹಾಕುವುದು? ಮಫ್ತಿಯಲ್ಲಿ, ಖಾಸಗಿ ವಾಹನದಲ್ಲಿ ಹೋಗಬೇಕೆಂದು ಆದೇಶವಾಗಲಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಲ್ಲಿ ಮಗುವಿನ ಹೇಳಿಕೆಗೆ ಸಮವಸ್ತ್ರ ಕೂಡದು ಎಂದು 2012ರಿಂದಲೇ ಇದೆ.

ಎಲ್ಲಕ್ಕಿಂತ ಅಪಾಯದ ದಿನ, ಆರೋಪಿ ಜೈಲಿನಿಂದ ಹೊರಬರುವ ದಿನ. ತನಿಖೆಯ ಪ್ರಗತಿಯನ್ನು 90 ದಿನದೊಳಗೆ ತಿಳಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂ ಹೇಳುತ್ತದೆ. ‘ತನಿಖೆ ಪ್ರಗತಿಯಲ್ಲಿದೆ’ ಎಂಬ ಒಂದು ಸಾಲಿನ ಎಸ್‌ಎಂಎಸ್ ಕಳಿಸಿದರೆ ಲೆಕ್ಕಕ್ಕೆ ಸರಿಹೋದೀತು. ಅದೂ ಎಷ್ಟೋ ಸಲ ದೂರು ಬರೆದುಕೊಟ್ಟ ಪಕ್ಕದ ಮನೆಯವರ ನಂಬರಿಗೆ ಹೋಗಿರುತ್ತದೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಂನಲ್ಲಿ ಜಾಮೀನು ವಿಚಾರಣೆಗೆ ಮೊದಲೇ ನೊಂದವರಿಗೆ ತಿಳಿಸುವ ವ್ಯವಸ್ಥೆ ಇದೆ. ಕೊಲೆಯತ್ನ, ಆಸಿಡ್ ದಾಳಿ, ಅತ್ಯಾಚಾರದ ಎಲ್ಲ ಪ್ರಕರಣಗಳಲ್ಲೂ ಬಿಡುಗಡೆಯ ದಿನವೇ ಬೀಟ್ ಪೊಲೀಸರು ಫೋನ್ ಮಾಡಿ, ಆ ವಾರ ಎರಡು ಸಲವಾದರೂ ಮನೆ ಕಡೆ ಹೋಗಿ ಬರಲಿ. ಇದಕ್ಕೆ ಕಾನೂನು ತಿದ್ದಬೇಕಿಲ್ಲ, ಪೊಲೀಸ್ ಮಹಾನಿರ್ದೇಶಕರ (ಡಿಜಿ) ಒಂದು ಸುತ್ತೋಲೆ ಸಾಕು.

ಬೆದರಿಕೆ ಬಂದರೆ ಮಾಡುವುದಕ್ಕೂ ದಾರಿಯಿದೆ. ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜಾರಿಗೊಳಿಸಿದ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹೋಗಬೇಕು. ಎಸಿಪಿ ಅಥವಾ ಡಿವೈಎಸ್‌ಪಿ ಐದು ಕೆಲಸದ ದಿನಗಳಲ್ಲಿ ಬೆದರಿಕೆಯ ವಿಶ್ಲೇಷಣಾ ವರದಿ ಕೊಡಬೇಕು. ಠಾಣೆಗೆ ಬಂದು ‘ಕೊಲ್ಲುತ್ತೇನೆ ಅಂತಾನೆ’ ಎಂದವರಿಗೆ ಸಿಗುವುದು ಮಾತ್ರ ಎನ್‌ಸಿಆರ್ (ಎಫ್‌ಐಆರ್ ಆಗದ ಸಣ್ಣ ಪ್ರಕರಣದ ದಾಖಲೆ) ಮತ್ತು ಒಂದು ಹಿಂಬರಹ. ಆ ಹಿಂಬರಹದ ಜೊತೆ ಈ ಅರ್ಜಿ ನಮೂನೆಯನ್ನೂ ಪಿನ್ ಮಾಡಿ ಕೊಡಬೇಕು, ತುಂಬಲು ಬಾರದವರಿಗೆ ತುಂಬಿಕೊಡಬೇಕು.

ಸುತ್ತೋಲೆಯಲ್ಲಿ ‘ಸಂಬಂಧಪಟ್ಟ ಸಿಬ್ಬಂದಿ’ ಎಂದು ಬರೆಯಬೇಡಿ. ಹಾಗೆ ಬರೆದ ಕೆಲಸ ಯಾರದೂ ಆಗುವುದಿಲ್ಲ. ಠಾಣೆಗೆ ಇಬ್ಬರನ್ನು ಹೆಸರಿಸಿ, ಒಬ್ಬರು ರಜೆ ಹೋದರೆ ಇನ್ನೊಬ್ಬರು. ಅವರ ಹೆಸರು, ಮೊಬೈಲ್ ನಂಬರ್ ಮತ್ತು ಕಾನೂನು ನೆರವಿನ 15100 ಎಫ್‌ಐಆರ್ ಪ್ರತಿಯ ಹಿಂಬದಿಯಲ್ಲಿ ಅಚ್ಚಾಗಿರಲಿ. ಅದು ಹೇಗೂ ಖಾಲಿಯೇ ಇರುತ್ತದೆ.

ಇಂತಿ,
ನೊಂದವರ ಜೊತೆ ಠಾಣೆ, ಆಸ್ಪತ್ರೆ, ನ್ಯಾಯಾಲಯಗಳಲ್ಲಿ ಕೆಲಸ ಮಾಡುವ ವಕೀಲರು ಮತ್ತು ಸಮಾಜ ಕಾರ್ಯಕರ್ತರು