ಆ 78 ಪರ್ಸೆಂಟು ಯಾವುದರದ್ದು ಅಂತ ಕೇಳು

ಪುಟ್ಟಿ,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಐವಿಎಫ್ ಕ್ಲಿನಿಕ್ಕಿನ ಹಾಳೆ ನೋಡಿದೆ, ಅದೇ, ದೇಹದ ಹೊರಗೆ ಭ್ರೂಣ ಮಾಡಿ ಗರ್ಭದಲ್ಲಿ ಇಡುವ ಚಿಕಿತ್ಸೆಯದ್ದು. ದೊಡ್ಡಕ್ಷರದಲ್ಲಿ 78 ಪರ್ಸೆಂಟ್ ಸಕ್ಸಸ್, ಪಕ್ಕದಲ್ಲೊಂದು ನಕ್ಷತ್ರದ ಗುರುತು. ಹಿಗ್ಗಿಸಿ ನೋಡಿದರೆ ಕೆಳಗೆ ಸಣ್ಣಗೆ ಬರೆದಿದ್ದಾರೆ: ಭ್ರೂಣ ಇಟ್ಟವರಲ್ಲಿ, ಬೀಟಾ ಪಾಸಿಟಿವ್, ಡೋನರ್ ಅಂಡಾಣು ಸೇರಿ. ವಿಷಯವೆಲ್ಲ ಆ ಸಾಲಿನಲ್ಲೇ ಇದೆ.

ಬೀಟಾ ಅನ್ನುವುದು ಬಸಿರಾಗಿದೆಯಾ ಅಂತ ತಿಳಿಯಲು ಭ್ರೂಣ ಇಟ್ಟು ಹೆಚ್ಚುಕಮ್ಮಿ ಎರಡು ವಾರಕ್ಕೆ ಮಾಡುವ ರಕ್ತಪರೀಕ್ಷೆ. ಅದು ಪಾಸಿಟಿವ್ ಬಂದೂ ಸ್ಕ್ಯಾನಿಂಗಿನಲ್ಲಿ ಎದೆಬಡಿತ ಕಾಣದೇ ಹೋಗಬಹುದು, ಕಂಡ ಮೇಲೂ ಬಸಿರು ನಿಲ್ಲದೇ ಹೋಗಬಹುದು. ನಿನಗೆ ಬೇಕಿರುವುದು ಮಗು ಹುಟ್ಟಿದ ಲೆಕ್ಕ. ಇನ್ನು ಡೋನರ್ ಅಂಡಾಣು, ಅಂದರೆ ಬೇರೆ ಹೆಂಗಸು ದಾನ ಕೊಟ್ಟ ಅಂಡಾಣು, ಬರುವುದು 23ರಿಂದ 35 ವಯಸ್ಸಿನವರಿಂದ, ಕಾನೂನೇ ಹಾಗಿದೆ. ಅವರ ಫಲವನ್ನೂ ಸೇರಿಸಿ ತೋರಿಸಿದ್ದು ನಿನ್ನ 37ಕ್ಕೆ ಹೇಗೆ ಹೊಂದುತ್ತದೆ?

ಭ್ರೂಣ ಇಡುವವರೆಗೆ ಎಲ್ಲರೂ ಬರುವುದಿಲ್ಲ. ಕೆಲವರಿಗೆ ಇಂಜೆಕ್ಷನ್ ಕೊಟ್ಟರೂ ಅಂಡಾಣು ಸರಿಯಾಗಿ ಬೆಳೆಯುವುದಿಲ್ಲ, ಕೆಲವರಿಗೆ ಭ್ರೂಣ ಆಗುವುದಿಲ್ಲ. ಸುಮ್ನೆ ಲೆಕ್ಕಕ್ಕೆ ಅಂತಿಟ್ಟುಕೋ, 100 ಜನ ಶುರು ಮಾಡಿದರು, 70 ಜನಕ್ಕೆ ಭ್ರೂಣ ಇಟ್ಟರು, 28 ಜನಕ್ಕೆ ಮಗು ಆಯಿತು. ಇಟ್ಟವರ ಲೆಕ್ಕದಲ್ಲಿ 40 ಪರ್ಸೆಂಟು, ದುಡ್ಡು ಕಟ್ಟಿ ಶುರು ಮಾಡಿದವರ ಲೆಕ್ಕದಲ್ಲಿ 28. ಎರಡೂ ಸುಳ್ಳಲ್ಲ. ದಡ್ಡ ಹುಡುಗರಿಗೆ ಮೊದಲೇ ಟಿಸಿ ಕೊಟ್ಟು ಕಳಿಸಿ, ಎಸೆಸೆಲ್ಸಿಯಲ್ಲಿ ನೂರಕ್ಕೆ ನೂರು ಅಂತ ಬ್ಯಾನರ್ ಕಟ್ಟುವ ಸ್ಕೂಲುಗಳಿಲ್ವಾ, ಹಾಗೆ.

ಬ್ರಿಟನ್ನಿನಲ್ಲಿ ಐವಿಎಫ್ ಕ್ಲಿನಿಕ್ಕುಗಳ ಮೇಲೆ ಕಣ್ಣಿಡಲೆಂದೇ ಎಚ್‌ಎಫ್‌ಇಎ ಅನ್ನುವ ಸರ್ಕಾರಿ ಸಂಸ್ಥೆ ಇದೆ. ಅವರ 2019ರ ಲೆಕ್ಕದಲ್ಲಿ 35ರ ಒಳಗಿನವರಿಗೇ ಇಟ್ಟ 100 ಭ್ರೂಣಕ್ಕೆ 32 ಸಲ ಹೆರಿಗೆಯಾಗಿದೆ. 43 ದಾಟಿ ಸ್ವಂತ ಅಂಡಾಣು ಬಳಸಿದವರಲ್ಲಿ 5ಕ್ಕಿಂತ ಕಡಿಮೆ. ಹೆದರಿಸಲು ಹೇಳುತ್ತಿಲ್ಲ, 78 ಅಂದವರನ್ನು ಕೇಳಲು ನಿನಗೆ ಧೈರ್ಯ ಬರಲಿ ಅಂತ.

ಹೋದಾಗ ಹೀಗೆ ಕೇಳು: "ಡಾಕ್ಟ್ರೇ, ಹೋದ ವರ್ಷ ನನ್ನ ವಯಸ್ಸಿನವರು ಎಷ್ಟು ಜನ ಇಲ್ಲಿ ಶುರು ಮಾಡಿದರು, ಸ್ವಂತ ಅಂಡಾಣುವಿನಲ್ಲಿ ಎಷ್ಟು ಜನಕ್ಕೆ ಮಗು ಆಯಿತು?" ಸಂಕೋಚ ಬೇಡ. ನಮ್ಮಲ್ಲಿ ಇಂಥ ಚಿಕಿತ್ಸೆಗೆಂದೇ ಇರುವ 2021ರ ಎಆರ್‌ಟಿ ಕಾಯಿದೆ ಪ್ರಕಾರ ಯಶಸ್ಸಿನ ಸಾಧ್ಯತೆ, ಖರ್ಚು, ಅಡ್ಡಪರಿಣಾಮ ಎಲ್ಲವನ್ನೂ ಅವರು ಹೇಳಲೇಬೇಕು. ಕ್ಲಿನಿಕ್ಕಿನ ರಿಜಿಸ್ಟ್ರೇಷನ್ ಸರ್ಟಿಫಿಕೇಟನ್ನೂ ನೋಡು. ಗಂಡುಮಗುವೇ ಆಗುವ ಹಾಗೆ ಮಾಡುತ್ತೇವೆ ಅಂತ ಯಾರಾದರೂ ಪಿಸುಗುಟ್ಟಿದರೆ ಅಲ್ಲಿಂದ ಎದ್ದು ಬಾ, ಅದು ಅಪರಾಧ.

ಪ್ಯಾಕೇಜಿನಲ್ಲಿ ಇಂಜೆಕ್ಷನ್ ಸೇರಿದೆಯಾ, ಉಳಿದ ಭ್ರೂಣವನ್ನು ಫ್ರೀಜ್ ಮಾಡಿಡಲು ಬೇರೆ ದುಡ್ಡಾ, ಬರೆಸಿಕೋ. ಜಾಸ್ತಿ ಭ್ರೂಣ ಇಟ್ಟರೆ ಒಳ್ಳೆಯದು ಅಂದರೆ ತಕ್ಷಣ ಒಪ್ಪಬೇಡ. ಅವಳಿ ಅಂದರೆ ಕೇಳಲು ಚಂದ, ಆದರೆ ಅವಧಿಗೆ ಮೊದಲೇ ಹೆರಿಗೆಯಾಗುವ ಅಪಾಯ ಜಾಸ್ತಿ.

ಅಳಿಯಂದಿರ ವೀರ್ಯ ಪರೀಕ್ಷೆ ಆಯ್ತಾ? ನಿನ್ನ ರಿಪೋರ್ಟುಗಳೇ ಒಂದು ಕಟ್ಟು ಇವೆ, ಅವರದು ಒಂದೂ ಕಾಣಲಿಲ್ಲ. ಕಡಿಮೆ ಖರ್ಚಿನ ಪರೀಕ್ಷೆ, ಸೂಜಿಯೂ ಇಲ್ಲ. ಅದಾಗದೆ ನೀನು ಒಂದು ಇಂಜೆಕ್ಷನ್ನೂ ಚುಚ್ಚಿಸಿಕೊಳ್ಳಬೇಡ. ಅವರು ಮುಜುಗರ ಪಟ್ಟುಕೊಂಡರೆ ಫೋನು ಚಿಕ್ಕಪ್ಪನ ಕೈಗೆ ಕೊಡುತ್ತೇನೆ, ಅವರೇ ಮಾತಾಡಲಿ.

ಅಡ್ವಾನ್ಸ್ ಕಟ್ಟುವ ಮೊದಲು ನನಗೊಂದು ಫೋನ್ ಮಾಡು.

ನಿನ್ನ ಚಿಕ್ಕಮ್ಮ