ಬೆಂಕಿ ಆರಿದ ಮರುದಿನ

ನಮ್ಮ ಸಂಘದ ಸದಸ್ಯರಾದ ವೈದ್ಯ ದಂಪತಿಗಳು ಚಳಿಗಾಲದ ರಜೆಯಲ್ಲಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನ ಹಳ್ಳಿಗಳಿಗೆ ಹೋಗಿ, ಅಂತರ್ಯುದ್ಧದಲ್ಲಿ ಒಡೆದುಹೋದ ಊರುಗಳನ್ನು ಮತ್ತೆ ಕೂಡಿಸುವ ಕೆಲಸಕ್ಕೆ ನೆರವಾಗಬೇಕೆಂದಿದ್ದಾರೆ. ಅವರ ಸಹಾಯದ ಕೋರಿಕೆ ಈ ಸಂಚಿಕೆಯ ಕೊನೆಯ ಪುಟದಲ್ಲಿದೆ. ಅದನ್ನು ಸಂತೋಷದಿಂದಲೇ ಪ್ರಕಟಿಸುತ್ತಿದ್ದೇವೆ. ಆದರೂ ಅದರಲ್ಲಿನ ಹತ್ತು ದಿನದ ಭೇಟಿ ಎಂಬ ಮಾತಿನ ಬಗ್ಗೆ ನನಗೊಂದು ತಕರಾರಿದೆ.

1991ರ ಮಾರ್ಚ್‌ನಲ್ಲಿ ಲೈಬೀರಿಯಾ ಗಡಿಯ ಕೈಲಾಹುನ್ ಜಿಲ್ಲೆಯಲ್ಲಿ ಶುರುವಾದ ಆ ಯುದ್ಧ 2002ರ ಜನವರಿಯವರೆಗೆ ನಡೆಯಿತು. ಕೈಲಾಹುನ್ ಎಂಬ ಹೆಸರು ನಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು: 2000ದ ಮೇ ತಿಂಗಳಿನಿಂದ ಬಂಡುಕೋರರ ಮುತ್ತಿಗೆಯಲ್ಲಿ ಸಿಲುಕಿದ್ದ ಇನ್ನೂರಕ್ಕೂ ಹೆಚ್ಚು ವಿಶ್ವಸಂಸ್ಥೆಯ ಭಾರತೀಯ ಶಾಂತಿಪಾಲಕರನ್ನು ಜುಲೈನಲ್ಲಿ ‘ಆಪರೇಷನ್ ಖುಕ್ರಿ’ ಎಂಬ ಸೇನಾ ಕಾರ್ಯಾಚರಣೆ ಬಿಡಿಸಿದ್ದು ಅಲ್ಲಿಯೇ. ನಮ್ಮ ಸೈನಿಕರು ಮನೆಗೆ ಮರಳಿದರು. ಅಲ್ಲಿಯವರಿಗೆ ಮಾತ್ರ ಶಾಂತಿ ಬಂದ ಮೇಲೂ ಬದುಕಬೇಕಾದದ್ದು ಅದೇ ಊರಿನಲ್ಲಿ, ಮನೆ ಸುಟ್ಟವನ ಪಕ್ಕದಲ್ಲಿ. ಹಾಗೆ ಸುಟ್ಟವನೂ ಎಷ್ಟೋ ಸಲ ಬಂಡುಕೋರರು ಎಳೆದೊಯ್ದು ಬಂದೂಕು ಕೊಟ್ಟ ಅದೇ ಊರಿನ ಹುಡುಗ.

ವಿಶ್ವಸಂಸ್ಥೆಯ ಬೆಂಬಲದ ವಿಶೇಷ ನ್ಯಾಯಾಲಯ 13 ಜನರ ಮೇಲೆ ದೋಷಾರೋಪ ಹೊರಿಸಿ 9 ಜನರಿಗೆ ಶಿಕ್ಷೆ ವಿಧಿಸಿತು. ಬಂಡುಕೋರರಿಗೆ ನೆರವಾದ ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ 50 ವರ್ಷಗಳ ಸೆರೆವಾಸವಾಯಿತು. ಆದರೆ ಒಂದೇ ಬಾವಿಯ ನೀರು ಸೇದುವ ಇಬ್ಬರ ನಡುವಿನ ಮೌನ ಆ ನ್ಯಾಯಾಲಯದ ಕಟ್ಟೆ ಹತ್ತುವಂಥದ್ದಾಗಿರಲಿಲ್ಲ. ಮಾನವ ಹಕ್ಕುಗಳ ಹೋರಾಟಗಾರ ಜಾನ್ ಕಾಲ್ಕರ್ ಅವರು ‘ಫಂಬುಲ್ ಟಾಕ್’ ಆರಂಭಿಸಿದ್ದು ಈ ಕೊರತೆಯನ್ನು ಕಂಡೇ. ಅಲ್ಲಿನ ಕ್ರಿಯೊ ಭಾಷೆಯಲ್ಲಿ ಅದರ ಅರ್ಥ ಮನೆಮಂದಿಯ ಮಾತು. 2008ರಲ್ಲಿ ಕೈಲಾಹುನ್‌ನಿಂದಲೇ ಮೊದಲಾದ ಈ ಕಾರ್ಯದಲ್ಲಿ, ಊರಿನವರೇ ಕೂತು ತಯಾರಿ ನಡೆಸಿದ ಬಳಿಕ, ರಾತ್ರಿ ಬೆಂಕಿ ಹಾಕಿ ಎಲ್ಲರೂ ಸುತ್ತ ಸೇರುತ್ತಾರೆ. ನೊಂದವರು ಎದ್ದು ನಡೆದದ್ದನ್ನು ಹೇಳುತ್ತಾರೆ; ತಪ್ಪು ಮಾಡಿದವನು ಒಪ್ಪಿಕೊಂಡು ಕ್ಷಮೆ ಕೇಳಬಹುದು. ಮರುದಿನ ಹಿರಿಯರಿಗೆ ತರ್ಪಣ ಬಿಟ್ಟು ಶುದ್ಧಿಯ ವಿಧಿ ನಡೆಸಿ, ಒಟ್ಟಿಗೆ ಊಟ ಮಾಡುತ್ತಾರೆ. ನಮಗೆ ಅರಳಿಕಟ್ಟೆಯ ಪಂಚಾಯ್ತಿ ನೆನಪಾದರೆ ಆಶ್ಚರ್ಯವಿಲ್ಲ, ಆದರೆ ಹೋಲಿಕೆ ಬಹಳ ದೂರ ಸಾಗದು: ಫಂಬುಲ್ ಟಾಕ್‌ನಲ್ಲಿ ತೀರ್ಪು ಕೊಡುವವರೂ ಇಲ್ಲ, ದಂಡವೂ ಇಲ್ಲ.

ಇಷ್ಟೇ ಆಗಿದ್ದರೆ ಇದೊಂದು ಸುಖಾಂತ ಕಥೆಯಾಗುತ್ತಿತ್ತು. 200 ಹಳ್ಳಿಗಳ 2,383 ಜನರನ್ನು ಮಾತನಾಡಿಸಿ, ಈ ಸಭೆ ನಡೆದ ಊರುಗಳನ್ನೂ ನಡೆಯದ ಊರುಗಳನ್ನೂ ಹೋಲಿಸಿ ಮಾಡಿದ ಅಧ್ಯಯನವೊಂದು 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಭೆ ನಡೆದ ಕಡೆ ಕ್ಷಮೆ ಹೆಚ್ಚಿತ್ತು, ನೆಂಟು-ನಂಬಿಕೆ ಬೆಳೆದಿತ್ತು, ಊರಿನ ಸಾರ್ವಜನಿಕ ಕೆಲಸಕ್ಕೆ ಜನ ಹೆಚ್ಚು ಕೈಹಾಕುತ್ತಿದ್ದರು. ಜೊತೆಗೆ ಖಿನ್ನತೆ, ಆತಂಕ, ಆಘಾತದ ನೆನಪಿನಿಂದ ಹುಟ್ಟುವ ಮಾನಸಿಕ ತೊಂದರೆಗಳೂ ಹೆಚ್ಚಿದ್ದವು; 31 ತಿಂಗಳ ನಂತರವೂ ಅವು ಉಳಿದಿದ್ದವು. ಊರು ಗುಣವಾಗುವುದಕ್ಕೆ ನೊಂದವರು ತಮ್ಮ ಗಾಯವನ್ನು ಮತ್ತೆ ಬಿಚ್ಚಬೇಕಾಯಿತು ಎಂದರೆ ತಪ್ಪಾಗಲಾರದು.

ಆದ್ದರಿಂದ ಹೊರಗಿನಿಂದ ಹೋಗುವವರು ಬೆಂಕಿಯ ರಾತ್ರಿಯ ಹೊತ್ತಿಗೇ ತಲುಪುವ ಆಸೆಯನ್ನು ಬಿಡಬೇಕೆಂದು ನನ್ನ ವಿನಂತಿ. ಆ ರಾತ್ರಿಗೆ ಬೇಕಾದವರೆಲ್ಲ ಊರಿನಲ್ಲೇ ಇದ್ದಾರೆ; ಕ್ಯಾಮೆರಾ ಹಿಡಿದ ಅತಿಥಿಯ ಎದುರು ಅಳುವುದು ಯಾರಿಗೂ ಸುಲಭವಲ್ಲ. ನಮ್ಮ ವೈದ್ಯರ ಅಗತ್ಯವಿರುವುದು ಆಮೇಲಿನ ತಿಂಗಳುಗಳಲ್ಲಿ, ನಿದ್ದೆ ಬಾರದವರ ಜೊತೆ ಕೂರಬಲ್ಲ ಸ್ಥಳೀಯ ದಾದಿಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಡುವುದರಲ್ಲಿ. ದಂಪತಿಗಳೊಂದಿಗೆ ಇದನ್ನೇ ಚರ್ಚಿಸಿದೆ. ಅವರು ಬೇಸರಿಸಿಕೊಳ್ಳದೆ ಕೋರಿಕೆಯನ್ನು ತಿದ್ದಿಕೊಟ್ಟಿದ್ದಾರೆ: ಸಂಗ್ರಹವಾದ ಹಣದ ಅರ್ಧವನ್ನು ಎರಡನೆಯ, ಮೂರನೆಯ ಭೇಟಿಗಳಿಗೆಂದು ತೆಗೆದಿಡಲಾಗುವುದು. ಅಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆಗಾಲ, ರಸ್ತೆಗಳು ಕೆಸರಾಗುತ್ತವೆ. ಹಾಗಾಗಿ ಮೊದಲ ಭೇಟಿ ಜನವರಿಯಲ್ಲಿ, ಎರಡನೆಯದು ಮಳೆಗಾಲ ಹಿಡಿಯುವ ಮುನ್ನ ಏಪ್ರಿಲ್‌ನಲ್ಲಿ.