ಮಗಳಿಗೊಂದು ಪತ್ರ: ಅಜ್ಜಿ ಎಲ್ಲೂ ಸಿಕ್ಕಿಹಾಕಿಕೊಂಡಿಲ್ಲ

ಪುಟ್ಟಿ,

'ಅಮ್ಮಾ, ಅಜ್ಜಿ ನನ್ನಿಂದಾಗಿ ಎಲ್ಲೋ ಸಿಕ್ಕಿಹಾಕಿಕೊಂಡಿದಾಳಾ?' ಅಂತ ರಾತ್ರಿ ಎರಡೂವರೆಗೆ ಮೆಸೇಜ್ ಹಾಕಿದ್ದೀಯ. ಫೋನ್ ಮಾಡಿದರೆ ಇಬ್ಬರೂ ಅಳುತ್ತಾ ಕೂರ್ತೀವಿ, ಮಾತು ಮುಂದಕ್ಕೆ ಹೋಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ದೊಡ್ಡಮಾವ ಅಂದಿದ್ದು ನನಗೂ ಕೇಳಿಸಿತು. 'ಮೊಮ್ಮಗಳನ್ನು ಕರೀತಾನೇ ಹೋದಳು. ಆಸೆ ಉಳಿದ ಜೀವಕ್ಕೆ ಗತಿ ಸಿಗೋದು ಕಷ್ಟ.' ಆಗಷ್ಟೇ ವಿಮಾನ ಇಳಿದು ಬಂದ ಹುಡುಗಿಗೆ ಹೇಳುವ ಮಾತಾ ಅದು? 'ನಿಮಗೆ ಯಾರು ಹೇಳಿದ್ರು?' ಅಂತ ನೀನು ಕೇಳಿಯೇ ಬಿಟ್ಟೆ. ದೊಡ್ಡವರಿಗೆ ಎದುರು ಮಾತಾಡಬೇಡ ಅನ್ನೋದು ನನ್ನ ಬಾಯಿ ತನಕ ಬಂತು. ಆದರೆ ಒಳಗೊಳಗೇ ಖುಷಿಯಾಗಿತ್ತು, ಸುಮ್ನಿದ್ದೆ.

ಅವರು ಹೇಳಿದ ಜಿಂಕೆ ಕಥೆ ಭಾಗವತದ್ದು. ರಾಜ್ಯ ಬಿಟ್ಟು ಕಾಡಿಗೆ ಹೋದ ಭರತ ಒಂದು ತಬ್ಬಲಿ ಜಿಂಕೆಮರಿಯನ್ನು ಸಾಕಿದ. ಸಾಯುವಾಗ ಅದನ್ನೇ ನೆನೆದು ಜಿಂಕೆಯಾಗಿ ಹುಟ್ಟಿದ. ಮಾವ ಅಲ್ಲಿಗೇ ನಿಲ್ಲಿಸಿಬಿಟ್ಟರು. ಜಿಂಕೆಯಾದ ಮೇಲೂ ಅವನಿಗೆ ಹಿಂದಿನದೆಲ್ಲ ನೆನಪಿತ್ತು. ಅದರ ಮುಂದಿನ ಜನ್ಮದಲ್ಲಿ ಜಡಭರತನಾಗಿ, ಪಲ್ಲಕ್ಕಿ ಹೊರುತ್ತಾ, ಒಳಗೆ ಕೂತಿದ್ದ ರಾಜನಿಗೇ ಪಾಠ ಹೇಳಿದ. ಅದೇ ಭಾಗವತದಲ್ಲಿ ಅಜಾಮಿಳನೂ ಇದ್ದಾನೆ. ಮಾಡಬಾರದ್ದೆಲ್ಲ ಮಾಡಿದವನು. ಯಮದೂತರನ್ನು ಕಂಡು ಹೆದರಿ 'ನಾರಾಯಣಾ' ಅಂತ ಕೂಗಿದ. ಕೂಗಿದ್ದು ದೇವರನ್ನಲ್ಲ, ತನ್ನ ಕಿರಿಮಗನನ್ನು. ಅಷ್ಟಕ್ಕೇ ವಿಷ್ಣುದೂತರು ಬಂದು ಬಿಡಿಸಿಕೊಂಡರು. ಅದು ಹೆಸರಿನ ಮಹಿಮೆ ಅಂತಾರೆ ಮಾವ. ಅನ್ನಲಿ. ಮಗನನ್ನು ಕರೆದವನು ಪಾರಾದ ಮೇಲೆ, ಮೊಮ್ಮಗಳನ್ನು ಕರೆದವಳದ್ದು ಏನು ತಪ್ಪು?

ಕೊನೆಗೆ ಏನು ನೆನೆಯುತ್ತೇವೋ ಅದನ್ನೇ ಹೊಂದುತ್ತೇವೆ ಅಂತ ಗೀತೆಯ ಎಂಟನೇ ಅಧ್ಯಾಯದಲ್ಲಿದೆ, ನಿಜ. ಅದೇ ಶ್ಲೋಕದ ಕೊನೆಯಲ್ಲಿ 'ಸದಾ ತದ್ಭಾವಭಾವಿತಃ' ಅಂತಲೂ ಇದೆ. ಸದಾ ಯಾವುದರಲ್ಲಿ ಮನಸ್ಸು ಮುಳುಗಿತ್ತೋ ಅದೇ ಕೊನೆಗೂ ಬರುತ್ತದೆ ಅಂತ. ಅಂದರೆ ಲೆಕ್ಕ ಇಡೀ ಬದುಕಿನದು. ನಿನ್ನ ವಿಮಾನ ತಡವಾಗಿದ್ದರ ಲೆಕ್ಕ ಅಲ್ಲಿಲ್ಲ.

ಇನ್ನು ಆ ರಾತ್ರಿಯ ವಿಷಯ. ಅಜ್ಜಿ ನಿನ್ನ ಹೆಸರು ಹೇಳಿದ್ದು ಸಂಜೆ. ಕೊನೆಯ ಕೆಲವು ಗಂಟೆ ಅವಳು ಯಾರನ್ನೂ ಕರೆಯಲಿಲ್ಲ. ಮಾವ ಆಗ ಅಲ್ಲಿರಲಿಲ್ಲ, ನಾನಿದ್ದೆ. ಪಾದ ತಣ್ಣಗಾಗಿತ್ತು. ಮೊಣಕಾಲಿನ ಹತ್ತಿರ ಚರ್ಮ ಕಲೆ ಕಲೆಯಾಗಿ ನೀಲಿಗಟ್ಟಿತ್ತು. ಗಂಟಲಲ್ಲಿ ಗೊರಗೊರ ಸದ್ದು. ಕೇಳೋಕಾಗ್ತಿರಲಿಲ್ಲ. ಎಂಜಲು ನುಂಗೋಕೆ ಆಗದೆ ಹಾಗಾಗುತ್ತೆ, ಅವರಿಗೆ ಬಹುಶಃ ನೋವು ಗೊತ್ತಾಗ್ತಿಲ್ಲ ಅಂದರು ನರ್ಸ್. ಉಸಿರು ನಾಲ್ಕೈದು ಸಲ ಜೋರಾಗಿ, ಆಮೇಲೆ ಸಣ್ಣಗೆ, ಆಮೇಲೆ ನಿಂತೇ ಹೋಗುತ್ತಿತ್ತು. ಮೆದುಳಿಗೆ ಉಸಿರಾಟದ ಹಿಡಿತ ತಪ್ಪಿದಾಗ ಹೀಗೇ ಅಂತೆ. ನಾನು ಎದೆ ಮೇಲೆ ಕೈ ಇಟ್ಟುಕೊಂಡಿದ್ದೆ. ಮುಗಿಯಿತು ಅಂದುಕೊಂಡಾಗಲೆಲ್ಲ ಎದೆ ಮತ್ತೆ ಏಳುತ್ತಿತ್ತು. ಕೊನೆಗೊಂದು ಸಲ ಏಳಲಿಲ್ಲ. ಅದೇ ಕೊನೆಯದು ಅಂತ ಗೊತ್ತಾಗೋಕೆ ಎಷ್ಟೋ ಹೊತ್ತು ಬೇಕಾಯ್ತು. ಪ್ರಾಣಪಕ್ಷಿ ಹಾರಿಹೋಯ್ತು ಅಂತೀವಲ್ಲ, ನಾನು ಕಿಟಕಿ ಕಡೆ ಕೂಡ ನೋಡಿದೆ. ನಗಬೇಡ.

ಏನೂ ಹೋದ ಹಾಗೆ ಕಾಣಲಿಲ್ಲ, ಪುಟ್ಟಿ. ಕೈ ಇನ್ನೂ ಅಲ್ಲೇ ಇತ್ತು. ಎದೆ ಬೆಚ್ಚಗೇ ಇತ್ತು. ಅವಳು ಮಾತ್ರ ಇರಲಿಲ್ಲ. ನಿನಗೆ ಅಜ್ಜಿ ಸಿಕ್ಕಿಹಾಕಿಕೊಂಡಳು ಅನ್ನೋ ಭಯ. ನನಗೆ ಅವಳು ಎಲ್ಲೂ ಇಲ್ಲವೇನೋ ಅನ್ನೋ ಭಯ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ, ಅಂಗೈಗೆ ಆ ಎದೆ ಏಳದೇ ಹೋದದ್ದೇ ಗೊತ್ತಾಗುತ್ತೆ. ಮತ್ತೆ ಅಲ್ಲಿಗೇ ಬಂದೆ ನೋಡು.

ಸಾಯುವಾಗ ಆತ್ಮ ಹೊರಟು ದೇಹದ ತೂಕ 21 ಗ್ರಾಂ ಇಳಿಯುತ್ತೆ ಅನ್ನೋ ಕಥೆ ನೀನು ಒಮ್ಮೆ ಹೇಳಿದ್ದೆ ಅಲ್ವಾ, ಅದನ್ನೂ ಹುಡುಕಿದೆ. ಅಮೆರಿಕದ ಡಂಕನ್ ಮೆಕ್‌ಡೂಗಲ್ ಅನ್ನುವ ಡಾಕ್ಟರು ಸಾಯುತ್ತಿದ್ದ ಆರು ಜನರನ್ನು ಮಂಚದ ಸಮೇತ ತಕ್ಕಡಿ ಮೇಲಿಟ್ಟು ತೂಗಿದರಂತೆ. 1907ರಲ್ಲಿ ಪ್ರಕಟಿಸಿದರು. ಆ 21 ಗ್ರಾಂ ಬಂದಿದ್ದು ಮೊದಲನೆಯವರೊಬ್ಬರ ಲೆಕ್ಕದಿಂದ. ಇಬ್ಬರ ಲೆಕ್ಕವನ್ನು ಅವರೇ ಕೈಬಿಟ್ಟರು. ಹೃದಯ ನಿಂತು ಮತ್ತೆ ಬದುಕಿದ 344 ಜನರನ್ನು ನೆದರ್ಲೆಂಡ್ಸ್‌ನಲ್ಲಿ ಮಾತಾಡಿಸಿ 2001ರಲ್ಲಿ ಒಂದು ವರದಿ ಬರೆದಿದ್ದಾರೆ. 62 ಜನಕ್ಕೆ ಬೆಳಕೋ, ಸತ್ತುಹೋದ ನೆಂಟರೋ, ಏನೋ ಒಂದು ಅನುಭವ ಆಗಿತ್ತು. ಉಳಿದವರಿಗೆ ಏನೂ ನೆನಪಿಲ್ಲ. ಆ 62 ಜನವೂ ವಾಪಸ್ ಬಂದವರೇ ತಾನೆ? ಅಜ್ಜಿ ಹೋದ ಕಡೆ ಅವರು ಪೂರ್ತಿ ಹೋಗಿರಲಿಲ್ಲ.

ನನಗೆ ಇಷ್ಟವಾದದ್ದು ನಚಿಕೇತನ ಕಥೆ. ಸತ್ತ ಮೇಲೆ ಇದ್ದಾನೆ ಅಂತ ಕೆಲವರು, ಇಲ್ಲ ಅಂತ ಕೆಲವರು, ಯಾವುದು ನಿಜ ಅಂತ ಆ ಹುಡುಗ ಯಮನನ್ನೇ ಕೇಳುತ್ತಾನೆ. ಯಮ ಥಟ್ಟನೆ ಉತ್ತರ ಕೊಡಲ್ಲ. ದೇವತೆಗಳಿಗೂ ಇದರಲ್ಲಿ ಅನುಮಾನವಿತ್ತು, ಬೇರೆ ಕೇಳು, ಆನೆ ಕುದುರೆ ಚಿನ್ನ ಕೊಡ್ತೀನಿ ಅಂತಾನೆ. ಹುಡುಗ ಬಗ್ಗಲ್ಲ. ಆಮೇಲೆ ಆತ್ಮ ಹುಟ್ಟುವುದಿಲ್ಲ, ಸಾಯುವುದಿಲ್ಲ ಅಂತ ಯಮ ಹೇಳುತ್ತಾನೆ. ಹೇಳೋಕೆ ಯಮನೇ ಅಷ್ಟು ಹಿಂದುಮುಂದು ನೋಡಿದ. ನಿಮ್ಮ ದೊಡ್ಡಮಾವನಿಗೆ ಮಾತ್ರ ಎಲ್ಲ ಗೊತ್ತು.

ನಾನು ನಂಬ್ತೀನಾ ಅಂತ ಕೇಳ್ತೀಯ. ಬೆಳಿಗ್ಗೆ ನಂಬಿರುತ್ತೇನೆ, ರಾತ್ರಿ ಆಗುತ್ತಿದ್ದಂತೆ ಸಡಿಲವಾಗುತ್ತದೆ. ಆದರೆ ಒಂದು ಗಟ್ಟಿಯಾಗಿ ಹೇಳ್ತೀನಿ. ಆತ್ಮ ಅಂತ ಇದ್ದರೆ ನೀನು ತಡಮಾಡಿದ್ದಕ್ಕೆ ಅದು ಎಲ್ಲೂ ನಿಲ್ಲಲ್ಲ. ಇಲ್ಲದಿದ್ದರೆ ಸಿಕ್ಕಿಹಾಕಿಕೊಳ್ಳೋಕೆ ಏನಿದೆ? ಎರಡರಲ್ಲೂ ನಿನ್ನ ತಪ್ಪಿಲ್ಲ.

ಇನ್ನು ಅರ್ಧರಾತ್ರಿಯಲ್ಲಿ ಯೂಟ್ಯೂಬ್‌ನ ಆತ್ಮದ ವಿಡಿಯೋ ನೋಡೋದು ಬಿಡು. ಭಯ ಹುಟ್ಟಿಸಿದಷ್ಟೂ ಅವರಿಗೆ ಜನ ಜಾಸ್ತಿ. ಓದೋದಾದರೆ ಮೂಲವನ್ನೇ ಓದು, ಹಗಲು ಓದು. ಹೊತ್ತಿಗೆ ಸರಿಯಾಗಿ ಊಟ ಮಾಡು. ಇದು ಭಾಷಣ ಆಯ್ತು ಅಂತ ಗೊತ್ತು, ಬೇಜಾರು ಮಾಡಿಕೊಳ್ಳಬೇಡ.

ಅಜ್ಜಿಯ ಕನ್ನಡಕ ನಿನಗೆ ಬೇಕು ಅಂದಿದ್ದೆಯಲ್ಲ. ದೊಡ್ಡಮಾವನೂ ಕೇಳಿದ್ದರು. ಕೊಡಲಿಲ್ಲ, ನಿನಗೇ ಎತ್ತಿಟ್ಟಿದ್ದೇನೆ. ಭಾನುವಾರ ಫೋನ್ ಮಾಡು.

ಅಮ್ಮ